ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಕೊಡುತ್ತಿದ್ದರೆ: ರಿಪೇರಿ ಬಿಡಿ, ಮೊದಲು ಡೇಟಾ ಹೊರಗೆ ತೆಗೆಯಿರಿ

ಬಸವ ಜಯಂತಿ ಆಸುಪಾಸಿನ ಮದುವೆ ಸೀಸನ್ ಮುಗಿಯುತ್ತ ಬಂದಂತೆ ವಿಜಯಪುರ, ಬಾಗಲಕೋಟೆ ಕಡೆಯ ಫೋಟೊ ಸ್ಟುಡಿಯೊಗಳಿಂದ ನನಗೆ ಒಂದೇ ನಮೂನೆಯ ಫೋನ್ ಬರುತ್ತವೆ. "ಅಣ್ಣಾರ, ಹಾರ್ಡ್ ಡಿಸ್ಕ್ ಹಚ್ಚಿದ್ರ ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತ್ರಿ. ಹೂಂ ಅಂತ ಒತ್ತಲೇನ್ರಿ?" ಒತ್ತಬ್ಯಾಡ್ರಿ, ವೈರ್ ತಗೀರಿ ಮೊದ್ಲ ಅನ್ನುವುದೇ ನನ್ನ ಉತ್ತರ. ಬೇರೆ ಮಾತೆಲ್ಲ ಆಮೇಲೆ.

ಸಾಯಲು ಹೊರಟ ಹಾರ್ಡ್ ಡಿಸ್ಕನ್ನು ಸರಿಪಡಿಸುವ ಸಾಫ್ಟ್‌ವೇರ್ ಯಾವುದೂ ಇಲ್ಲ. ಡಿಸ್ಕ್ ಇನ್ನು ಎಷ್ಟು ಹೊತ್ತು ತಿರುಗುತ್ತದೋ ಅಷ್ಟು ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಸ್ಕ್ಯಾನ್, ರಿಪೇರಿ, ಡಿಫ್ರಾಗ್ ಅಂತ ಕಳೆಯಬೇಕೋ, ಬೇಕಾದ ಫೈಲ್ ತೆಗೆಯಲು ಬಳಸಬೇಕೋ ಎಂಬುದಷ್ಟೇ ನಾವು ತೀರ್ಮಾನಿಸುವುದು. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

ಹಂತ 1: ಕೈ ತಡೆಯಿರಿ

ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ಅದರ ಮೇಲೆ ಹೊಸದಾಗಿ ಏನನ್ನೂ ಬರೆಯಬೇಡಿ. ವಿಂಡೋಸ್ "ಫಾರ್ಮ್ಯಾಟ್ ಮಾಡಲೇ", "ಇನಿಶಿಯಲೈಸ್ ಮಾಡಲೇ", "ಸ್ಕ್ಯಾನ್ ಮಾಡಿ ಸರಿಪಡಿಸಲೇ" ಎಂದು ಕೇಳಿದರೆ ಮೂರಕ್ಕೂ ಬೇಡ ಅನ್ನಿ. ಮೂರನೆಯದು ಸಾಧು ಪ್ರಾಣಿಯಂತೆ ಕಂಡರೂ ಒಳಗೆ ಓಡುವುದು ಚೆಕ್‌ಡಿಸ್ಕ್ ಎಂಬ ವಿಂಡೋಸಿನದೇ ರಿಪೇರಿ ಪ್ರೋಗ್ರಾಮ್. ಅದಕ್ಕೆ ಬೇಕಾಗಿರುವುದು ಫೈಲ್ ಸಿಸ್ಟಮ್ಮಿನ, ಅಂದರೆ ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ದಾಖಲೆಯ, ಲೆಕ್ಕ ತಾಳೆಯಾಗುವುದು ಮಾತ್ರ. ನಿಮ್ಮ ಫೋಟೊ ಉಳಿಯಿತೋ ಹೋಯಿತೋ ಅದಕ್ಕೆ ಸಂಬಂಧವಿಲ್ಲ. ಓದಲಾಗದ ಫೋಲ್ಡರಿನ ದಾಖಲೆಯನ್ನೇ ಅಳಿಸಿ "ಈಗ ಸರಿ ಇದೆ" ಎಂದು ಹೇಳುವಷ್ಟು ಧೈರ್ಯ ಅದಕ್ಕಿದೆ. ಗಟ್ಟಿಮುಟ್ಟಾದ ಡಿಸ್ಕಿನಲ್ಲಿ ಕರೆಂಟ್ ಹೋಗಿ ಫೈಲ್ ಸಿಸ್ಟಮ್ ಕೆಟ್ಟಿದ್ದರೆ ಚೆಕ್‌ಡಿಸ್ಕ್ ಉಪಯೋಗಕ್ಕೆ ಬರುತ್ತದೆ. ಡಿಸ್ಕೇ ಕೆಟ್ಟಿದ್ದರೆ ಗಾಯದ ಮೇಲೆ ಬರೆ.

ಹಂತ 2: ಕಿವಿಗೊಟ್ಟು ಕೇಳಿ

ಫ್ಯಾನ್ ಆಫ್ ಮಾಡಿ, ಡಿಸ್ಕನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಒಂದೇ ಒಂದು ಸಲ ಕನೆಕ್ಟ್ ಮಾಡಿ. ಸರಿ ಇರುವ ಡಿಸ್ಕ್ ಸಣ್ಣಗೆ ಸುಯ್ ಎಂದು ವೇಗ ಹಿಡಿಯುತ್ತದೆ, ಆಮೇಲೆ ಒಂದೆರಡು ಮೆದು ಸದ್ದು, ಅಲ್ಲಿಗೆ ಶಾಂತ. ಕಟ್, ಕಟ್, ಕಟ್ ಎಂದು ತಾಳ ಹಿಡಿದಂತೆ ಬಡಿಯುತ್ತಿದ್ದರೆ ಹೆಡ್, ಅಂದರೆ ತಟ್ಟೆಯ ಮೇಲೆ ಡೇಟಾ ಓದಿ ಬರೆಯುವ ಪುಟ್ಟ ಭಾಗ, ತನ್ನ ಜಾಗ ಹುಡುಕಲಾಗದೆ ವಾಪಸ್ ಹೋಗಿ ಮತ್ತೆ ಬರುತ್ತಿದೆ ಎಂದರ್ಥ. ಬೀಪ್ ಬೀಪ್ ಎಂದು ಕ್ಷೀಣವಾಗಿ ಕೂಗಿದರೆ ಅದು ಸ್ಪೀಕರ್ ಸದ್ದಲ್ಲ, ಇಂಥ ಡಿಸ್ಕಿನಲ್ಲಿ ಸ್ಪೀಕರೇ ಇರುವುದಿಲ್ಲ. ಹೆಡ್ ತಟ್ಟೆಗೆ ಅಂಟಿಕೊಂಡಿದೆ ಅಥವಾ ಮೋಟರ್ ಜಾಮ್ ಆಗಿದೆ, ತಿರುಗಲು ಹೆಣಗಾಡುತ್ತಿದೆ. ಕರಕರ ಉಜ್ಜುವ ಸದ್ದು ಬಂದರೆ ಅದೆಲ್ಲಕ್ಕಿಂತ ಕೆಟ್ಟದ್ದು.

ಈ ಮೂರರಲ್ಲಿ ಯಾವುದು ಕೇಳಿಸಿದರೂ ತಕ್ಷಣ ಕಿತ್ತು, ನೇರ ಹಂತ 8ಕ್ಕೆ ಹೋಗಿ. ಪೋರ್ಟಬಲ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲೇ ಸಾವಿರಾರು ನ್ಯಾನೊಮೀಟರ್ ದಪ್ಪ. ಮುರಿದ ಹೆಡ್ ಆ ವೇಗದಲ್ಲಿ ಉಜ್ಜಿದರೆ ಡೇಟಾ ಬರೆದಿರುವ ಲೇಪನವೇ ಪುಡಿಯಾಗಿ ಏಳುತ್ತದೆ. ಅದನ್ನು ಯಾವ ಲ್ಯಾಬೂ ವಾಪಸ್ ತರಲಾರದು.

ಹಂತ 3: ಸದ್ದು ಸರಿ ಇದೆ, ಆದರೂ ಕಾಣುತ್ತಿಲ್ಲ

ಹಾಗಾದರೆ ಮೊದಲ ಗುಮಾನಿ ಕೇಬಲ್ ಮೇಲಿರಲಿ. ಡಿಸ್ಕ್ ಕಡೆಯ ಆ ಅಗಲ, ಚಪ್ಪಟೆ ಪಿನ್ ಇದೆಯಲ್ಲ, ಅಷ್ಟು ಬೇಗ ಸಡಿಲವಾಗುವ ಪಿನ್ ಇನ್ನೊಂದಿಲ್ಲ. ಬೇರೆ ಕೇಬಲ್, ಅದೂ ಗಿಡ್ಡನೆಯದು, ಹಾಕಿ ನೋಡಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನ, ಮದರ್‌ಬೋರ್ಡಿನದೇ ಪೋರ್ಟ್ ಬಳಸಿ. ಹಬ್ ಬೇಡ. ಯುಎಸ್‌ಬಿ 2.0 ಪೋರ್ಟ್ ಲೆಕ್ಕಕ್ಕೆ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ತಿರುಗಲು ಶುರುಮಾಡುವಾಗ ಡಿಸ್ಕಿಗೆ ಹೆಚ್ಚು ಕರೆಂಟ್ ಬೇಕು. ಹಳೆಯ ಕಂಪ್ಯೂಟರಿನಲ್ಲಿ "ಸತ್ತಿದೆ" ಅನ್ನಿಸಿದ ಡಿಸ್ಕ್ ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ಎದ್ದು ಕೂತದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅಡಾಪ್ಟರ್ ಇರುವ ದೊಡ್ಡ ಡಿಸ್ಕ್ ಆದರೆ 12 ವೋಲ್ಟಿನ ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟೇಜ್ ಏರಿಳಿತಕ್ಕೆ ಮೊದಲು ಸುಡುವುದು ಅದೇ.

ಆಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಡಿಸ್ಕ್ ತನ್ನ ಪೂರ್ತಿ ಗಾತ್ರ ತೋರಿಸಿ ಪಾರ್ಟಿಷನ್ ಮುಂದೆ "ರಾ" ಎಂದಿದ್ದರೆ ಫೈಲ್ ಸಿಸ್ಟಮ್ ಕೆಟ್ಟಿದೆ, ಆಸೆ ಇದೆ. ಗಾತ್ರವೇ ಸೊನ್ನೆ ಅಥವಾ "ಮೀಡಿಯಾ ಇಲ್ಲ" ಎಂದಿದ್ದರೆ ಡಬ್ಬಿಯೊಳಗಿನ ಯುಎಸ್‌ಬಿ ಬೋರ್ಡ್ ಮಾತಾಡುತ್ತಿದೆ, ಡಿಸ್ಕ್ ಮಾತಾಡುತ್ತಿಲ್ಲ.

ಹಂತ 4: ಆರೋಗ್ಯದ ಚೀಟಿ ಓದಿ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್, ಎರಡೂ ಉಚಿತ. ಮೇಲಿನ ನೀಲಿ-ಹಳದಿ-ಕೆಂಪು ಬಣ್ಣ ನೋಡಿ ಸುಮ್ಮನಾಗಬೇಡಿ, ಕೆಳಗಿನ ಪಟ್ಟಿಯ ನಾಲ್ಕು ಸಾಲು ನೋಡಿ. 05 ಎಂಬುದು ಕೆಟ್ಟದ್ದೆಂದು ಗೊತ್ತಾಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳ (ಡೇಟಾ ಬರೆಯುವ ಪುಟ್ಟ ತುಂಡು ಜಾಗಗಳ) ಎಣಿಕೆ. ಸಿ5 ಎಂದರೆ ಓದಲು ಆಗದೆ ಅನುಮಾನದ ಪಟ್ಟಿಯಲ್ಲಿ ಕೂತಿರುವವು. ಸಿ6 ಓದಲು ಪೂರ್ತಿ ಸೋತವು. ಸಿ7 ಮಾತ್ರ ಏರಿದ್ದರೆ ಕೇಬಲ್ ಅಥವಾ ಕನೆಕ್ಟರ್ ದೋಷ, ಡಿಸ್ಕನ್ನು ಬೈಯಬೇಡಿ.

ಇಲ್ಲೊಂದು ಮೋಸಹೋಗುವ ಜಾಗವಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಈ ಸಂಖ್ಯೆಗಳನ್ನು ಮೊದಲಿಗೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಸಿ5 ಸಾಲಿನ ಕೊನೆಗೆ 18 ಎಂದಿದ್ದರೆ ಅದು ಹದಿನೆಂಟಲ್ಲ, ಇಪ್ಪತ್ನಾಲ್ಕು. ಈಗಿನ ಡಿಸ್ಕಿನ ಒಂದು ನಿಜವಾದ ಸೆಕ್ಟರ್ 4096 ಬೈಟ್, ಎಣಿಕೆ ನಡೆಯುವುದು ಎಷ್ಟೋ ಮಾಡೆಲ್‌ಗಳಲ್ಲಿ 512 ಬೈಟಿನ ತುಂಡುಗಳಲ್ಲಿ. ಹಾಗಾಗಿ 24 ಎಂದರೆ ಮೂರು ಜಾಗ ಕೆಟ್ಟಿರಬಹುದು. ಮೆನುವಿನಲ್ಲಿ ದಶಮಾನಕ್ಕೆ ಬದಲಿಸಿಕೊಂಡರೆ ಈ ಗೊಂದಲ ಇರುವುದಿಲ್ಲ.

ಮೂರೇ ತಾನೆ ಅಂತ ಸಮಾಧಾನ ಮಾಡಿಕೊಳ್ಳುವ ಮುಂಚೆ ಇದನ್ನು ಕೇಳಿ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ ಸತ್ತ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ಯಾವ ಸ್ಮಾರ್ಟ್ ಲಕ್ಷಣವನ್ನೂ ತೋರಿಸಿರಲಿಲ್ಲ. ಅಂದರೆ ಕೆಂಪು ಕಂಡರೆ ನಂಬಿ, ನೀಲಿ ಕಂಡರೆ ನಂಬಬೇಡಿ.

ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ಡಿಸ್ಕ್ ಕೆಟ್ಟಿದೆ ಅನ್ನಲಾಗದು. ಈಗಿನ ಹೆಚ್ಚಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಡೇಟಾದ ಪಟ್ಟಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ದೊಡ್ಡ ಕಾಪಿ ನಡೆಯುವಾಗ ಬರೆಯುವ ವೇಗ ಕುಸಿಯುವುದು ಇವುಗಳ ಸ್ವಭಾವ. ಓದುವಾಗಲೂ ತಡವರಿಸಿದರೆ, ವಿಂಡೋಸ್ ದೋಷಗಳನ್ನು ಬರೆದಿಡುವ ಇವೆಂಟ್ ವ್ಯೂವರಿನಲ್ಲಿ ಡಿಸ್ಕಿನ ಹೆಸರಲ್ಲಿ 7 ಅಥವಾ 153 ಸಂಖ್ಯೆಯ ದಾಖಲೆಗಳು ಸಾಲುಗಟ್ಟಿದ್ದರೆ ಮಾತ್ರ ಗಾಬರಿಯಾಗಿ.

ಹಂತ 5: ಚೀಟಿ ಬರೆಯಿರಿ

ಡಿಸ್ಕ್ ಮತ್ತೆ ಹಚ್ಚುವ ಮೊದಲು ಒಂದು ಕಾಗದದ ಮೇಲೆ ಬೇಕಾದದ್ದನ್ನು ಸಾಲಾಗಿ ಬರೆಯಿರಿ. ಬಾಗಲಕೋಟೆ ನವನಗರದ ಒಬ್ಬ ಫೋಟೊಗ್ರಾಫರ್ "ಎಲ್ಲಾ ಬೇಕ್ರಿ" ಎಂದೇ ಕೂತಿದ್ದರು. ಎರಡು ಟಿಬಿ ಡಿಸ್ಕ್, ಅದರ ಬಹುಪಾಲು ಡೆಲಿವರಿ ಕೊಟ್ಟಾಗಿದ್ದ ಹಳೆಯ ಆಲ್ಬಮ್, ಆಕ್ಷನ್ ಫೈಲ್, ಇಂಟರ್‌ನೆಟ್ಟಿನಲ್ಲಿ ಮತ್ತೆ ಸಿಗುವ ಸಿನಿಮಾ. ಇನ್ನೂ ಆಲ್ಬಮ್ ಮಾಡಿ ಕೊಡಬೇಕಿದ್ದ ಮದುವೆಗಳ ಫೋಲ್ಡರ್ ನೋಡಿದರೆ ಬರೀ ನಾಲ್ಕು. ಆ ನಾಲ್ಕು ಮೊದಲು, ಉಳಿದದ್ದು ಡಿಸ್ಕ್ ಉಳಿದರೆ. ಡಿಟಿಪಿ ಕೆಲಸದವರಾದರೆ ನಿಮ್ಮ ಪೇಜ್‌ಮೇಕರ್, ಕೋರಲ್‌ಡ್ರಾ ಫೈಲ್‌ಗಳು ಫೋಟೊದಷ್ಟು ಜಾಗ ತಿನ್ನುವುದಿಲ್ಲ, ಅವನ್ನೇ ಮೊದಲು ಎಳೆದುಕೊಳ್ಳಿ.

ಜೊತೆಗೆ ಡೇಟಾ ಇಳಿಸಿಕೊಳ್ಳಲು ಜಾಗ ಬೇಕು. ಕೆಟ್ಟ ಡಿಸ್ಕಿಗಿಂತ ದೊಡ್ಡದಾದ, ಒಳ್ಳೆಯ ಸ್ಥಿತಿಯ ಇನ್ನೊಂದು ಡಿಸ್ಕ್ ಮೊದಲೇ ತಂದಿಟ್ಟುಕೊಳ್ಳಿ. ಅದು ಫ್ಯಾಟ್32 ಆಗಿದ್ದರೆ ಆಗದು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಹಂತ 6: ಡಿಸ್ಕ್ ಇನ್ನೂ ತೆರೆಯುತ್ತಿದ್ದರೆ

ಸಿ5, ಸಿ6 ಸೊನ್ನೆ ಅಥವಾ ತೀರಾ ಕಡಿಮೆ ಇದ್ದು, ಫೋಲ್ಡರ್ ತೆರೆಯುತ್ತಿದ್ದರೆ ಚೀಟಿಯ ಕ್ರಮದಲ್ಲಿ ಕಾಪಿ ಮಾಡಿ. ಥಂಬ್‌ನೇಲ್ ನೋಟ ಬೇಡ, ಲಿಸ್ಟ್ ನೋಟಕ್ಕೆ ಬದಲಿಸಿ. ಇಲ್ಲದಿದ್ದರೆ ಒಂದೊಂದು ಫೋಟೊವನ್ನೂ ಸುಮ್ಮನೆ ಓದಿಸಿದಂತಾಗುತ್ತದೆ. ಆಂಟಿವೈರಸ್ ಅಷ್ಟು ಹೊತ್ತು ಆ ಡಿಸ್ಕಿನ ಗೊಡವೆಗೆ ಹೋಗದ ಹಾಗೆ ನೋಡಿಕೊಳ್ಳಿ.

ಕಟ್-ಪೇಸ್ಟ್ ಬೇಡವೇ ಬೇಡ, ಕಾಪಿ ಮಾತ್ರ. ಎಕ್ಸ್‌ಪ್ಲೋರರ್ ಒಂದು ಕೆಟ್ಟ ಫೈಲ್ ಬಂದರೆ ಅಲ್ಲೇ ನಿಂತು ನಿಮ್ಮ ಉತ್ತರಕ್ಕೆ ಕಾಯುತ್ತದೆ. ಟೆರಾಕಾಪಿ ಎಂಬ ಕಾಪಿ ಸಾಫ್ಟ್‌ವೇರ್ ಹಾಗೆ ನಿಲ್ಲದೆ ಮುಂದಕ್ಕೆ ಹೋಗಿ, ಆಗದವುಗಳ ಪಟ್ಟಿಯನ್ನು ಕೊನೆಗೆ ಕೊಡುತ್ತದೆ. ವಿಂಡೋಸಿನಲ್ಲೇ ಇರುವ ರೋಬೋಕಾಪಿಯೂ ಒಳ್ಳೆಯದೇ, ಆದರೆ ಅದರ ಮೂಲ ಸೆಟ್ಟಿಂಗ್ ಹುಚ್ಚುತನದ್ದು: ಓದಲಾಗದ ಫೈಲ್ ಸಿಕ್ಕರೆ 30 ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನ, ಹೀಗೆ 10 ಲಕ್ಷ ಸಲ. ಲೆಕ್ಕ ಹಾಕಿ, ಒಂದು ಫೈಲಿಗೆ ಹೆಚ್ಚುಕಡಿಮೆ ಒಂದು ವರ್ಷ. ಮರುಪ್ರಯತ್ನ, ಕಾಯುವ ಸಮಯ ಎರಡನ್ನೂ ಸೊನ್ನೆಗೆ ಇಳಿಸಿಯೇ ಓಡಿಸಿ.

ಎಷ್ಟು ಹೊತ್ತು ಹಿಡಿಯುತ್ತದೆ? ಸೆಕೆಂಡಿಗೆ 100 ಎಂಬಿ ಬಂದರೆ 1 ಟಿಬಿಗೆ ಮೂರು ತಾಸಿಗೆ ಸ್ವಲ್ಪ ಕಡಿಮೆ. ಯುಎಸ್‌ಬಿ 2.0 ಪೋರ್ಟಿನಲ್ಲಿ ಎಂಟು-ಒಂಬತ್ತು ತಾಸು. ಡಿಸ್ಕ್ ಕೆಟ್ಟಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ.

ನಮ್ಮ ಕಡೆ ಬಿಸಿಲಿನ ಕಾಟವೊಂದು ಬೇರೆ. ಹಲವು ಪೋರ್ಟಬಲ್ ಡಿಸ್ಕ್‌ಗಳ ಕಾಗದದಲ್ಲಿ ಕೆಲಸ ಮಾಡುವ ಉಷ್ಣತೆ 35 ಡಿಗ್ರಿವರೆಗೆ ಎಂದಿರುತ್ತದೆ. ವಿಜಯಪುರದ ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಅಂಗಡಿಯಲ್ಲಿ ಡಿಸ್ಕ್ ಹಚ್ಚುವ ಮೊದಲೇ ಆ ಗಡಿ ದಾಟಿರುತ್ತದೆ. ಸಂಜೆ ಏಳರ ಮೇಲೆ ಶುರು ಮಾಡಿ, ಬಟ್ಟೆ, ರಜಾಯಿ ಮೇಲಿಡಬೇಡಿ, ಟೇಬಲ್ ಫ್ಯಾನ್ ಗಾಳಿ ಬೀಳಲಿ. ಐಸ್, ಫ್ರಿಜ್, ಫ್ರೀಜರ್ ಯಾವುದೂ ಬೇಡ. ತಣ್ಣಗಿನ ಡಿಸ್ಕ್ ಹೊರಗೆ ಬಂದ ಕೂಡಲೇ ಒಳಗೆಲ್ಲ ನೀರ ಹನಿ ಕೂರುತ್ತದೆ, ಬೆಳಗಾವಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಈ ಕೆಲಸಕ್ಕೆ ಡೆಸ್ಕ್‌ಟಾಪಿಗಿಂತ ಬ್ಯಾಟರಿ ಸರಿ ಇರುವ ಲ್ಯಾಪ್‌ಟಾಪ್ ವಾಸಿ. ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಆ ಒಂದು ಮಿಣುಕಿಗೆ ಎಷ್ಟೋ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತವೆ. ಸ್ಲೀಪ್ ಸೆಟ್ಟಿಂಗ್ ಆಫ್ ಮಾಡಲು ಮರೆಯಬೇಡಿ.

ಹಂತ 7: ಪೂರ್ತಿ ಇಮೇಜ್ ತೆಗೆಯುವುದು

ಫೋಲ್ಡರ್ ತೆರೆಯುತ್ತಿಲ್ಲ, "ರಾ" ಅನ್ನುತ್ತಿದೆ, ಅಥವಾ ಸಿ5 ಏರುತ್ತಲೇ ಇದೆ ಎಂದಾದರೆ ಫೈಲ್ ಹಿಂದೆ ಬೀಳುವುದು ಬಿಟ್ಟು ಇಡೀ ಡಿಸ್ಕಿನ ನಕಲು ತೆಗೆಯಬೇಕು. ರಿಕವರಿ ಸಾಫ್ಟ್‌ವೇರನ್ನು ನೇರವಾಗಿ ಕೆಟ್ಟ ಡಿಸ್ಕಿನ ಮೇಲೆ ಓಡಿಸುವುದೇ ನಮ್ಮ ಅಂಗಡಿಗಳಲ್ಲಿ ಹೆಚ್ಚು ನಡೆಯುವ ಕೆಲಸ, ಹೆಚ್ಚು ಹಾಳುಮಾಡುವ ಕೆಲಸವೂ ಅದೇ. ಸ್ಕ್ಯಾನಿಗೆ ಒಂದು ಸಲ, ಫೈಲ್ ತೆಗೆಯಲು ಇನ್ನೊಂದು ಸಲ, ಪಟ್ಟಿ ಸರಿ ಬರಲಿಲ್ಲ ಅಂತ ಮತ್ತೊಂದು ಸಾಫ್ಟ್‌ವೇರಿನಿಂದ ಮಗದೊಂದು ಸಲ ಇಡೀ ಡಿಸ್ಕನ್ನು ಓದಿಸುತ್ತಾರೆ. ಇಮೇಜ್ ಒಂದಿದ್ದರೆ ಅದರ ಮೇಲೆ ನೂರು ಸಲ ಪ್ರಯೋಗ ಮಾಡಿ, ಡಿಸ್ಕಿಗೆ ಏನೂ ಆಗದು.

ಇದಕ್ಕೆ ನಾನು ಬಳಸುವುದು ಗ್ನು ಡಿಡಿರೆಸ್ಕ್ಯೂ. ಆಂಟೋನಿಯೊ ಡಿಯಾಸ್ ಡಿಯಾಸ್ ಎಂಬವರು ಬರೆದ ಉಚಿತ ತಂತ್ರಾಂಶ, ಲಿನಕ್ಸಿನಲ್ಲಿ ಓಡುತ್ತದೆ. ಲಿನಕ್ಸ್ ಇಲ್ಲದವರು ಸಿಸ್ಟಮ್‌ರೆಸ್ಕ್ಯೂ ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದರೆ ಸಾಕು, ಅದರಲ್ಲೇ ಇರುತ್ತದೆ. ಉಬುಂಟುವಿನಲ್ಲಿ ಹಾಕಿಕೊಳ್ಳುವವರು ಪ್ಯಾಕೇಜ್ ಹೆಸರಿನ ಶುರುವಿಗೆ ಒಂದು "ಜಿ" ಸೇರಿಸಿ ಹುಡುಕಬೇಕು. ನಡುವೆ ಅಂಡರ್‌ಸ್ಕೋರ್ ಇರುವ ಇದೇ ಹೆಸರಿನ ಇನ್ನೊಂದು ಪ್ರೋಗ್ರಾಮ್ ಬೇರೆಯೇ ಇದೆ, ಅದಲ್ಲ.

ಇದರ ಜಾಣತನ ಓದುವ ಕ್ರಮದಲ್ಲಿದೆ. ಕೆಟ್ಟ ಜಾಗ ಬಂದರೆ ಅಲ್ಲೇ ತಲೆ ಚಚ್ಚಿಕೊಳ್ಳದೆ ಹಾರಿ ಮುಂದೆ ಹೋಗಿ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಕಷ್ಟದ ಜಾಗಕ್ಕೆ ಕೊನೆಗೆ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಅದೇ ಕಮಾಂಡ್ ಅದೇ ಮ್ಯಾಪ್ ಫೈಲ್ ಜೊತೆ ಕೊಟ್ಟರೆ ಬಿಟ್ಟಲ್ಲಿಂದ ಶುರು. ಆ ಫೈಲ್ ಅಳಿಸಿದರೆ ಮಾತ್ರ ಮೊದಲಿನಿಂದ ಮತ್ತೆ ಓದಬೇಕು, ಆದ್ದರಿಂದ ಅದನ್ನು ಇಮೇಜಿನ ಪಕ್ಕದಲ್ಲೇ, ಒಳ್ಳೆಯ ಡಿಸ್ಕಿನ ಮೇಲೆ ಇಡಿ.

ಮಾಡುವುದು ಹೀಗೆ. ಕೆಟ್ಟ ಡಿಸ್ಕನ್ನು ಮೌಂಟ್ ಮಾಡಬೇಡಿ, ಅಂದರೆ ಅದರ ಫೋಲ್ಡರ್‌ಗಳನ್ನು ತೆರೆಯಲು ಹೋಗಬೇಡಿ. ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಿಂದ ಯಾವ ಡಿಸ್ಕಿಗೆ ಯಾವ ಹೆಸರು ಬಂದಿದೆ ಎಂದು ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಕಮಾಂಡಿನಲ್ಲಿ ಮೊದಲು ಕೆಟ್ಟ ಡಿಸ್ಕ್, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಈ ಕ್ರಮ ತಿರುವುಮುರುವಾದರೆ ದೇವರೇ ಗತಿ, ಎಂಟರ್ ಒತ್ತುವ ಮುಂಚೆ ಬಾಯಿಬಿಟ್ಟು ಒಮ್ಮೆ ಓದಿ. ಮೊದಲ ಸುತ್ತಿಗೆ ಹೈಫನ್ ಎನ್ ಸ್ವಿಚ್ ಹಾಕಿ, ಕಷ್ಟದ ಜಾಗವನ್ನು ಕೆರೆಯುವ ಹಂತವನ್ನು ಅದು ಬಿಟ್ಟುಬಿಡುತ್ತದೆ. ಅದು ಮುಗಿದ ಮೇಲೆ ಎರಡನೇ ಸುತ್ತಿಗೆ ಎನ್ ತೆಗೆದು ಹೈಫನ್ ಡಿ, ಹೈಫನ್ ಆರ್3 ಹಾಕಿದರೆ ಉಳಿದದ್ದನ್ನು ಮೂರು ಸಲ ಪ್ರಯತ್ನಿಸುತ್ತದೆ.

ಓಡುವಾಗ ಪರದೆಯ ಮೇಲೆ ಕಣ್ಣಿಡಬೇಕಾದ ಒಂದು ಸಾಲು, ಕೊನೆಯ ಸಲ ಯಶಸ್ವಿಯಾಗಿ ಓದಿ ಎಷ್ಟು ಹೊತ್ತಾಯಿತು ಎಂಬುದು. ಅದು ಸೊನ್ನೆ-ಒಂದು-ಸೊನ್ನೆ ಎಂದು ಕುಣಿಯುತ್ತಿದ್ದರೆ ಎಲ್ಲ ಸರಿ. ನಿಮಿಷಗಟ್ಟಲೆ ಏರುತ್ತ, ದೋಷಗಳ ಎಣಿಕೆ ದಡದಡ ಓಡುತ್ತಿದ್ದರೆ ಡಿಸ್ಕ್ ಕನೆಕ್ಷನ್ನಿನಿಂದಲೇ ಜಾರಿದೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಡಿಸ್ಕ್ ಕಿತ್ತು, ಅರ್ಧ ತಾಸು ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿ. ಈಗ ಅದಕ್ಕೆ ಬೇರೆ ಹೆಸರು ಬಂದಿರಬಹುದು, ಮತ್ತೆ ನೋಡಿಕೊಳ್ಳಿ. ಸದ್ದು ಬದಲಾದರೆ ಅಲ್ಲಿಗೆ ಕೈಬಿಡಿ.

ಇಮೇಜ್ ಸಿಕ್ಕ ಮೇಲೆ ಕೆಟ್ಟ ಡಿಸ್ಕನ್ನು ಎತ್ತಿಟ್ಟು ಟೆಸ್ಟ್‌ಡಿಸ್ಕ್ ಎಂಬ ರಿಕವರಿ ಸಾಫ್ಟ್‌ವೇರನ್ನು ಇಮೇಜಿನ ಮೇಲೆ ಓಡಿಸಿ. ಪಾರ್ಟಿಷನ್ ಸಿಕ್ಕರೆ ಫೋಲ್ಡರ್, ಹೆಸರು ಸಮೇತ ಫೈಲ್ ಸಿಗುತ್ತವೆ. ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೊರೆಕ್ ಇದೆ. ಅದು ಫೈಲಿನ ಆಕಾರ ನೋಡಿ ಹೆಕ್ಕುತ್ತದೆ, ಹೆಸರು-ಫೋಲ್ಡರ್ ಯಾವುದೂ ಉಳಿಯದು. ಮೂರು ಮದುವೆಗಳ ಫೋಟೊ ಕಲಸುಮೇಲೋಗರವಾಗಿ ಸಿಕ್ಕರೆ ಫೋಟೊದೊಳಗಿನ ಮಾಹಿತಿ ಓದುವ ಎಕ್ಸಿಫ್‌ಟೂಲ್ ಬಳಸಿ, ಫೋಟೊ ತೆಗೆದ ದಿನಾಂಕದ ಮೇಲೆ ಮರುಹೆಸರಿಸಿ, ಒಂದೊಂದು ಮದುವೆ ಒಂದೊಂದು ಕಡೆ ಬಂದು ಕೂರುತ್ತದೆ.

ಡಿಟಿಪಿಯವರು ಇಲ್ಲಿ ಸುಮ್ಮಸುಮ್ಮನೆ ಹೆದರುತ್ತಾರೆ. ವಾಪಸ್ ಬಂದ ವರ್ಡ್ ಫೈಲ್ ತೆರೆದರೆ ಕನ್ನಡದ ಬದಲು ಕೊಂಬು-ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೋಜಲು. "ಕರಪ್ಟ್ ಆಗೇತಿ" ಅಂತ ಅಳಿಸಿಬಿಡಬೇಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಅದು. ಆ ಫಾಂಟ್ ಹಾಕಿದರೆ ಲಗ್ನಪತ್ರಿಕೆ ಹಾಗೇ ಕಾಣುತ್ತದೆ.

ಡಬ್ಬಿ ಬಿಚ್ಚಬಹುದೇ?

ಪ್ಲಾಸ್ಟಿಕ್ ಡಬ್ಬಿ ಬಿಚ್ಚಬಹುದು, ಒಳಗಿನ ಲೋಹದ ಡಿಸ್ಕನ್ನು ಬಿಚ್ಚಬಾರದು. ಯುಎಸ್‌ಬಿ ಸಾಕೆಟ್ ಮುರಿದಿದ್ದರೆ ಅಂಚಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಡಬ್ಬಿ ತೆಗೆದು, ಒಳಗಿನ ಡಿಸ್ಕನ್ನು ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೆ (ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಹಾಕುವ ಕೇಬಲ್) ನೇರ ಹಚ್ಚಿದರೆ ಅಲ್ಲಿಗೇ ಕೆಲಸ ಮುಗಿಯಬಹುದು. ಇಮೇಜ್ ತೆಗೆಯಲೂ ಸಾಟಾ ದಾರಿ ಹೆಚ್ಚು ನಂಬಿಕಸ್ತ. ಆದರೆ ಎರಡು ಅಡ್ಡಿ ಇವೆ. ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಸಾಟಾ ಇರುವುದೇ ಇಲ್ಲ. ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ಹಲವು ಮೈ ಪಾಸ್‌ಪೋರ್ಟ್, ಮೈ ಬುಕ್ ಡಿಸ್ಕ್‌ಗಳಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಬೋರ್ಡ್ ಡೇಟಾವನ್ನು ಗೂಢಲಿಪಿಗೆ ತಿರುಗಿಸಿಯೇ ಬರೆದಿರುತ್ತದೆ. ಬೋರ್ಡ್ ಬಿಟ್ಟು ಓದಿದರೆ ಕಸ ಕಾಣುತ್ತದೆ. ಆ ಬೋರ್ಡನ್ನು ಎಸೆಯಬೇಡಿ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಹಸಿರು ಬೋರ್ಡ್ ತಂದು ಕೂರಿಸುವ ಹಳೆಯ ಉಪಾಯವೂ ಈಗ ನಡೆಯದು, ಆ ಡಿಸ್ಕಿಗಷ್ಟೇ ಸೇರಿದ ಹೊಂದಾಣಿಕೆಯ ಮಾಹಿತಿ ಬೋರ್ಡಿನ ಚಿಪ್ಪಿನಲ್ಲಿರುತ್ತದೆ.

ಎಸ್‌ಎಸ್‌ಡಿ ಆಗಿದ್ದರೆ ಈ ಸದ್ದು-ಗದ್ದಲದ ಲಕ್ಷಣ ಯಾವುದೂ ಇಲ್ಲ. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಕಂಡಾಗ ಕೂಡಲೇ ಕಾಪಿ ಮಾಡಿಕೊಳ್ಳುವುದೊಂದೇ ಉಪಾಯ.

ಹಂತ 8: ಲ್ಯಾಬಿಗೆ ಕಳಿಸುವುದಾದರೆ

ಕಟ್ ಕಟ್ ಅನ್ನುವ ಡಿಸ್ಕಿಗೆ ಹೆಡ್ ಬದಲಿಸಬೇಕು. ಅದಕ್ಕೆ ಅದೇ ಮಾಡೆಲ್ಲಿನ ದಾನಿ ಡಿಸ್ಕ್ ಬೇಕು, ದೂಳು ಸೋಸಿದ ಗಾಳಿಯ ಕೋಣೆ ಬೇಕು. "ಇಲ್ಲೇ ತೆಗದು ನೋಡೋಣಳ್ರಿ ಸರ್" ಎಂದು ಕೌಂಟರಿನ ಮೇಲೆ ಸ್ಕ್ರೂ ಬಿಚ್ಚಲು ಕೂತವರ ಕೈಯಿಂದ ಡಿಸ್ಕ್ ವಾಪಸ್ ಇಸಿದುಕೊಳ್ಳಿ, ನಾಚಿಕೆ ಬೇಡ. ಇಂಥ ಕೆಲಸದ ಲ್ಯಾಬ್‌ಗಳು ಬೆಂಗಳೂರು, ಪುಣೆ, ಮುಂಬೈಗಳಲ್ಲಿವೆ. ಬೆಳಗಾವಿಯವರಿಗೆ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಪುಣೆಯೇ ಹತ್ತಿರ. ಸಾಧ್ಯವಾದರೆ ಕೈಯಲ್ಲೇ ಒಯ್ಯಿರಿ, ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಕೊರಿಯರ್ ಆದರೆ ಆಂಟಿಸ್ಟ್ಯಾಟಿಕ್ ಚೀಲ, ಸುತ್ತ ದಪ್ಪ ಬಬಲ್ ಶೀಟ್, ಡಬ್ಬದೊಳಗೆ ಅಲುಗಾಡದ ಹಾಗೆ.

ಕಳಿಸುವ ಮೊದಲು ಫೋನಿನಲ್ಲೇ ಕೇಳಿ: ಬರೀ ಪರೀಕ್ಷೆಗೆ ಎಷ್ಟು? ಡೇಟಾ ಬರದಿದ್ದರೂ ಹಣ ಕೊಡಬೇಕೇ? ಡಿಸ್ಕ್ ತೆರೆಯುವ ಮೊದಲು ನನ್ನ ಒಪ್ಪಿಗೆ ಕೇಳುತ್ತೀರಾ? ಸಿಗುವ ಫೈಲ್‌ಗಳ ಪಟ್ಟಿ ತೋರಿಸಿದ ಮೇಲೆ ಹಣ ತಗೊಳ್ಳುತ್ತೀರಾ? ನನ್ನ ಡೇಟಾದ ನಕಲನ್ನು ಎಷ್ಟು ದಿನಕ್ಕೆ ಅಳಿಸುತ್ತೀರಿ? ಹೆಡ್ ಬದಲಿಸುವ ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಆಗುತ್ತದೆ. ಹಂತ 5ರ ಚೀಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ಅಷ್ಟು ಹಣಕ್ಕೆ ತಕ್ಕದ್ದು ಅದರಲ್ಲಿದೆಯೇ? ಇಲ್ಲವೆಂದಾದರೆ ಬಿಟ್ಟುಬಿಡುವುದೂ ಒಂದು ತೀರ್ಮಾನವೇ.

ಕೆಟ್ಟ ಡಿಸ್ಕನ್ನು ಏನು ಮಾಡುವುದು?

ವಾರಂಟಿ ಇದ್ದರೆ ಕಂಪನಿ ಡಿಸ್ಕ್ ಬದಲಿಸಿ ಕೊಡುತ್ತದೆ, ಸಾಮಾನ್ಯವಾಗಿ ಡೇಟಾಕ್ಕೆ ಜವಾಬ್ದಾರಿ ಹೊರುವುದಿಲ್ಲ. ನೀವು ಕೊಟ್ಟ ಡಿಸ್ಕ್ ನಿಮಗೆ ವಾಪಸ್ ಬರುವುದೂ ಇಲ್ಲ. ಅದರಲ್ಲಿ ಗಿರಾಕಿಗಳ ಮದುವೆ ಫೋಟೊ, ಆಧಾರ್ ಸ್ಕ್ಯಾನ್ ಇದ್ದು ಅಳಿಸಲೂ ಆಗದ ಸ್ಥಿತಿ ಇದ್ದರೆ ಹೊಸ ಡಿಸ್ಕಿನ ಆಸೆ ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಫಾರ್ಮ್ಯಾಟ್ ಹೊಡೆದ ಮೇಲೆ "ಈಗ ಛಲೋ ಓಡಾಕತ್ತೈತಿ" ಎಂದು ಅದರಲ್ಲೇ ಮುಂದಿನ ಮದುವೆ ತುಂಬಬೇಡಿ. ಡ್ರಿಲ್ಲಿನಿಂದ ತಟ್ಟೆಗೆ ತೂತು ಹೊಡೆದು ಇ-ತ್ಯಾಜ್ಯಕ್ಕೆ ಕೊಡಿ.

ಹೊಸದು ಕೊಳ್ಳುವಾಗ ಒಂದೇ ದೊಡ್ಡದರ ಬದಲು ಎರಡು ಕೊಳ್ಳಿ, ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಮನೆಯಲ್ಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ಜನಪ್ರಿಯ ಮಾಡಿದ ಪೀಟರ್ ಕ್ರೋಗ್ ಕೂಡ ಫೋಟೊಗ್ರಾಫರೇ. ಆಲ್ಬಮ್ ಡೆಲಿವರಿ ಆಗಿ ಗಿರಾಕಿ ಪೆನ್‌ಡ್ರೈವ್ ಒಯ್ಯುವವರೆಗೆ ಕ್ಯಾಮೆರಾದ ಮೆಮರಿ ಕಾರ್ಡನ್ನು ಖಾಲಿ ಮಾಡಬೇಡಿ.